ಮೆಟಾಸ್ಪ್ಲಾಯ್ಟಬಲ್‌ನಲ್ಲಿ ಒಂದೂ ಪೋರ್ಟ್ ಓಪನ್ ಇಲ್ಲ ಅಂತಿದೆ ಎನ್‌ಮ್ಯಾಪ್, ಏನ್ ತಪ್ಪು ಮಾಡ್ತಿದೀನಿ?

ಹಾಸನ್_ಹುಡ್ಗ
ಎಲ್ರಿಗೂ ನಮಸ್ಕಾರ. ಬಿಇ ಮುಗಿಸಿ ಎಂಟು ತಿಂಗಳಾಯ್ತು. ಪೆನ್‌ಟೆಸ್ಟಿಂಗ್ (ಅನುಮತಿ ತಗೊಂಡು ಸಿಸ್ಟಮ್‌ಗೆ ನುಗ್ಗಿ ತೂತು ಹುಡುಕೋ ಕೆಲಸ) ಕಡೆ ಹೋಗ್ಬೇಕು ಅಂತ ಆನ್‌ಲೈನಲ್ಲಿ ಒಂದು ಕೋರ್ಸ್ ತಗೊಂಡು 40 ಗಂಟೆ ವಿಡಿಯೋ ನೋಡಿ ಮುಗಿಸಿದೀನಿ. ಈಗ ಮನೇಲೇ ಲ್ಯಾಬ್ ಹಾಕ್ಕೊಂಡೆ. ಒಂದೇ ಕಂಪ್ಯೂಟರೊಳಗೆ ಬೇರೆ ಕಂಪ್ಯೂಟರ್ ಓಡಿಸೋ ವರ್ಚುವಲ್‌ಬಾಕ್ಸಲ್ಲಿ ಒಂದು ಕಾಲಿ ಲಿನಕ್ಸ್ (ದಾಳಿ ಮಾಡೋ ಟೂಲ್‌ಗಳಿರೋದು), ಒಂದು ಮೆಟಾಸ್ಪ್ಲಾಯ್ಟಬಲ್ 2 (ದಾಳಿಗೆ ಗುರಿ).

ಮೆಟಾಸ್ಪ್ಲಾಯ್ಟಬಲ್‌ಗೆ ಲಾಗಿನ್ ಆಗಿ ಐಪಿ ನೋಡ್ದೆ, 10.0.2.15. ಕಾಲಿಯಿಂದ ಅದಕ್ಕೆ ಪಿಂಗ್ ಹೊಡೆದ್ರೆ ಚೆನ್ನಾಗೇ ರಿಪ್ಲೈ ಬರ್ತಿದೆ, ಅದೂ 0.03 ಮಿಲಿಸೆಕೆಂಡಲ್ಲಿ. ಆದ್ರೆ ಯಾವ ಪೋರ್ಟ್ (ಒಂದೊಂದು ಸರ್ವೀಸಿನ ಬಾಗಿಲು) ತೆರೆದಿದೆ ಅಂತ ನೋಡೋ ಎನ್‌ಮ್ಯಾಪ್ ಹಾಕಿದ್ರೆ 1000 ಪೋರ್ಟೂ ಕ್ಲೋಸ್ಡ್! ವಿಡಿಯೋದಲ್ಲಿ ಆಯಪ್ಪಂಗೆ ಇಪ್ಪತ್ತಕ್ಕೂ ಜಾಸ್ತಿ ಓಪನ್ ಬಂತು. ಎರಡು ಸಲ ಅಳಿಸಿ ಹೊಸದಾಗಿ ಹಾಕಿದ್ದೂ ಆಯ್ತು. ಫೈರ್‌ವಾಲ್ ಏನಾದ್ರೂ ಇರ್ಬೋದಾ?

ಹಂಗೇ ಇನ್ನೊಂದು. ಈ ಫೀಲ್ಡಿಗೆ ನೆಟ್‌ವರ್ಕಿಂಗ್ ಎಷ್ಟು ಬೇಕು? ಓಎಸ್‌ಐ ಏಳು ಲೇಯರ್ ಬಾಯಿಪಾಠ ಹೊಡೆದು ಪಾಸಾದವನು ನಾನು. ಕೋರ್ಸ್‌ನವ್ರು ‘ಟೂಲ್ ಕಲೀರಿ, ಉಳಿದಿದ್ದು ತಾನಾಗೇ ಬರುತ್ತೆ’ ಅಂತಾರೆ.

ರೂಟ್‌ರಾಗಿಮುದ್ದೆ
ಕಾಲಿಯ ಐಪಿ ಎಷ್ಟು?

ಹಾಸನ್_ಹುಡ್ಗ
ಒಂದ್ನಿಮಿಷ ನೋಡ್ತೀನಿ... 10.0.2.15.

ಅಯ್ಯೋ.

ರೂಟ್‌ರಾಗಿಮುದ್ದೆ
😂😂 ನಿಮ್ಮನೆ ಬಾಗಿಲು ನೀನೇ ಬಡ್ಕೊಂಡು ‘ಒಳಗ್ಯಾರೂ ಇಲ್ವಾ’ ಅಂತ ಕೇಳ್ತಿದೀಯಲ್ಲೋ ಮಗಾ

ಸ್ವಿಚ್ಚಕ್ಕ
ನಗ್ಬೇಡಿ, ಇದು ಎಷ್ಟೋ ಜನಕ್ಕೆ ಆಗಿರೋದೇ. ವರ್ಚುವಲ್‌ಬಾಕ್ಸಲ್ಲಿ ಹೊಸ ಮಷೀನ್ ಮಾಡಿದ್ರೆ ಅದು ತಾನಾಗಿ ನ್ಯಾಟ್ ಮೋಡಲ್ಲಿ ಕೂರುತ್ತೆ. ಆ ಮೋಡಲ್ಲಿ ಒಂದೊಂದು ಮಷೀನಿಗೂ ಬೇರೆ ಬೇರೆ ರೂಟರ್ ಇದ್ದಹಾಗೆ. ಎಲ್ಲಕ್ಕೂ ಸಿಗೋ ವಿಳಾಸ ಒಂದೇ, 10.0.2.15. ಗೇಟ್‌ವೇನೂ ಒಂದೇ, 10.0.2.2. ಅಕ್ಕಪಕ್ಕದ ಎರಡು ಊರಲ್ಲೂ ‘ಮಾರಿಗುಡಿ ಬೀದಿ, 15ನೇ ಮನೆ’ ಇರುತ್ತಲ್ಲ, ಹಾಗೆ. ನೀವು ನಿಮ್ಮೂರಲ್ಲೇ ಸುತ್ತಿ ಬಂದಿದೀರ.

0.03 ಮಿಲಿಸೆಕೆಂಡೇ ಸುಳಿವು. ಪ್ಯಾಕೆಟ್ ಆಚೆ ಹೋಗೇ ಇಲ್ಲ. ಇನ್ನು ‘ಕ್ಲೋಸ್ಡ್’ ಅಂತ ಬಂದಿದೆ ಅಂದಮೇಲೆ ಫೈರ್‌ವಾಲ್ ಮೇಲೆ ಅಷ್ಟಾಗಿ ಅನುಮಾನ ಪಡೋ ಹಾಗಿಲ್ಲ. ಕ್ಲೋಸ್ಡ್ ಅಂದ್ರೆ ಆ ಕಡೆಯಿಂದ ರೀಸೆಟ್ ಪ್ಯಾಕೆಟ್ ಬಂತು, ಮಷೀನ್ ಬದುಕಿದೆ, ಆ ಪೋರ್ಟಲ್ಲಿ ಕೇಳಿಸ್ಕೊಳ್ಳೋರು ಯಾರೂ ಇಲ್ಲ ಅಂತ. ಫೈರ್‌ವಾಲ್ ಪ್ಯಾಕೆಟ್ ನುಂಗಿ ಸುಮ್ನಿದ್ದಿದ್ರೆ ‘ಫಿಲ್ಟರ್ಡ್’ ಅಂತ ಬರ್ತಿತ್ತು. ಈ ಎರಡು ಪದದ ವ್ಯತ್ಯಾಸ ಗೊತ್ತಿದ್ದಿದ್ರೆ ಎರಡು ಸಲ ಇನ್‌ಸ್ಟಾಲ್ ಮಾಡೋ ಕಷ್ಟ ಇರ್ಲಿಲ್ಲ. ನಿಮ್ಮ ಎರಡನೇ ಪ್ರಶ್ನೆಗೂ ಇದೇ ಉತ್ತರ ಅನ್ಕೊಳ್ಳಿ.

ಈಗ ಎರಡಕ್ಕೂ ಹೋಸ್ಟ್-ಓನ್ಲಿ ಅಡಾಪ್ಟರ್ (ನಿಮ್ಮ ಕಂಪ್ಯೂಟರೊಳಗೇ ಇರೋ ಖಾಸಗಿ ನೆಟ್‌ವರ್ಕ್) ಕೊಡಿ. 192.168.56ರ ಸಾಲಲ್ಲಿ ವಿಳಾಸ ಸಿಗುತ್ತೆ, ಸಾಮಾನ್ಯವಾಗಿ 101ರಿಂದ ಶುರು. ಕಾಲಿಗೆ ಇಂಟರ್ನೆಟ್ಟೂ ಬೇಕಂದ್ರೆ ಅದಕ್ಕೆ ಮಾತ್ರ ಎರಡನೇ ಅಡಾಪ್ಟರ್ ಹಾಕಿ ನ್ಯಾಟ್ ಕೊಡಿ. ಬ್ರಿಡ್ಜ್ಡ್ (ಮಷೀನನ್ನ ನೇರ ಹೊರಗಿನ ನೆಟ್‌ವರ್ಕಿಗೇ ಸೇರಿಸೋದು) ಮಾತ್ರ ಬೇಡ. ಮೆಟಾಸ್ಪ್ಲಾಯ್ಟಬಲ್ ಅನ್ನೋದು ಬೇಕಂತಲೇ ತೂತು ಇಟ್ಟು ಮಾಡಿದ ಮಷೀನು. ಪಿಜಿ ವೈಫೈ ಮೇಲೆ ಬ್ರಿಡ್ಜ್ ಮಾಡಿ ಕೂರಿಸಿದ್ರೆ ಪಕ್ಕದ ರೂಮಿನವನು ನಿಮಗಿಂತ ಮೊದಲು ನುಗ್ತಾನೆ.

ಬೌಂಟಿ_ಬಸ್ಯಾ
ಅಕ್ಕ ಹೇಳಿದ್ದು ಲ್ಯಾಬಿಗೆ ಸರಿ. ಆದ್ರೆ ನೆಟ್‌ವರ್ಕಿಂಗ್ ಪೂರ್ತಿ ಕಲ್ತೇ ಮುಂದೆ ಹೋಗು ಅಂದ್ರೆ ನಾನೊಪ್ಪಲ್ಲ. ಮೂರು ವರ್ಷದಿಂದ ಬಗ್ ಬೌಂಟಿ (ಕಂಪನಿಗಳ ಸೈಟಲ್ಲಿ ತೂತು ಹುಡುಕಿ ಬಹುಮಾನ ತಗೊಳ್ಳೋದು) ಮಾಡ್ತಿದೀನಿ. ಇವತ್ತಿಗೂ ಸಬ್‌ನೆಟ್ಟಿಂಗ್ (ಐಪಿ ವಿಳಾಸಗಳನ್ನ ಗುಂಪು ಮಾಡೋ ಲೆಕ್ಕ) ಬರಲ್ಲ, ಅದರಿಂದ ಒಂದು ರೂಪಾಯಿನೂ ಕಮ್ಮಿ ಆಗಿಲ್ಲ. ಎಲ್ಲಾ ವೆಬ್ ಗುರು. ಎಚ್‌ಟಿಟಿಪಿ ಚೆನ್ನಾಗಿ ಓದ್ಕೋ, ಬರ್ಪ್ (ವೆಬ್ ಟೆಸ್ಟಿಂಗ್ ಟೂಲ್) ಕಲಿ, ಸಾಕು.

ಕುಡ್ಲ_ಶೆಲ್
ಬಸ್ಯಣ್ಣ, ನೀವು ಮಾಡುವುದು ಹೊರಗಿನಿಂದ. ಕಂಪನಿಗಳು ದುಡ್ಡು ಕೊಟ್ಟು ಇಂಟರ್ನಲ್ ಟೆಸ್ಟಿಗೆ ಕರೆದಾಗ ಎಂತ ಮಾಡ್ತೀರಿ ಮಾರಾಯ್ರೆ? ಒಂದು ಕೇಬಲ್ ಕೊಟ್ಟು ‘ಇಲ್ಲಿ ಕೂತ್ಕೊಳ್ಳಿ’ ಅಂತಾರೆ. ಬ್ರೌಸರ್ ತೆರೆದು ಯಾವ ವೆಬ್‌ಸೈಟ್ ನೋಡುವುದು ಅಲ್ಲಿ?

ಬೌಂಟಿ_ಬಸ್ಯಾ
ಇಂಟರ್ನಲ್ ಅಂದ್ರೆ ಎಆರ್‌ಪಿ ಸ್ಪೂಫ್ (ಇನ್ನೊಬ್ಬರ ಐಪಿ ನಂದು ಅಂತ ಸುಳ್ಳು ಹೇಳಿ ಅವರ ಪ್ಯಾಕೆಟ್ ಎಳ್ಕೊಳ್ಳೋದು) ತಾನೆ? ಎಲ್ಲಾ ಎಚ್‌ಟಿಟಿಪಿಎಸ್ ಆದ್ಮೇಲೆ ಅದರಲ್ಲೇನು ಸಿಗುತ್ತೆ? 2009ರಲ್ಲಿ ಎಚ್‌ಟಿಟಿಪಿಎಸ್‌ನ ಗುಪ್ತ ಕವಚ ಕಳಚೋ ಎಸ್‌ಎಸ್‌ಎಲ್‌ಸ್ಟ್ರಿಪ್ ಬಂದಾಗಿನ ಕಾಲ ಹೋಯ್ತು.

ಕುಡ್ಲ_ಶೆಲ್
ಪಾಸ್‌ವರ್ಡ್ ಬರೀ ಬ್ರೌಸರಲ್ಲಿ ಓಡಾಡುವುದಲ್ಲ. ವಿಂಡೋಸ್ ಇರುವ ಆಫೀಸ್ ತೆಗೊಳ್ಳಿ. ಯಾರೋ ಫೈಲ್ ಸರ್ವರಿನ ಹೆಸರು ಒಂದಕ್ಷರ ತಪ್ಪಿ ಟೈಪ್ ಮಾಡಿದ ಅಂತ ಇಟ್ಟುಕೊಳ್ಳಿ. ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ‘ನನಗೆ ಗೊತ್ತಿಲ್ಲ’ ಅಂತದೆ. ಆಗ ವಿಂಡೋಸ್ ಸುಮ್ಮನೆ ಕೂರುವುದಿಲ್ಲ. ಎಲ್‌ಎಲ್‌ಎಂಎನ್‌ಆರ್ ಅಂತ ಒಂದು ಪ್ರೋಟೋಕಾಲ್ ಉಂಟು, ಯುಡಿಪಿ 5355. ಅದರಲ್ಲಿ ಇಡೀ ಸೆಗ್ಮೆಂಟಿಗೆ ಕೂಗ್ತದೆ, ‘ಈ ಹೆಸರಿನವರು ಯಾರು?’ ಅಂತ. ಸಂತೆ ಮಧ್ಯೆ ನಿಂತು ‘ರಾಮಣ್ಣ ಯಾರಪ್ಪಾ’ ಅಂತ ಕೂಗಿದ ಹಾಗೆ. ನನ್ನ ಲ್ಯಾಪ್‌ಟಾಪಲ್ಲಿ ರೆಸ್ಪಾಂಡರ್ ಎನ್ನುವ ಟೂಲ್ ಓಡ್ತಾ ಉಂಟು, ಅದು ‘ನಾನೇ ರಾಮಣ್ಣ’ ಅಂತದೆ. ಅಷ್ಟೇ. ಆ ಮಷೀನ್ ಲಾಗಿನ್ ಆಗ್ಲಿಕ್ಕೆ ನೋಡಿ ನೆಟ್-ಎನ್‌ಟಿಎಲ್‌ಎಂ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಉತ್ತರ) ನನ್ನ ಕೈಗೆ ಕೊಡ್ತದೆ. ಪಾಸ್‌ವರ್ಡ್ ದುರ್ಬಲ ಇದ್ದರೆ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಹ್ಯಾಶ್‌ಕ್ಯಾಟ್ ಎನ್ನುವ ಟೂಲ್ ಅದನ್ನು ಬಿಡಿಸಿರ್ತದೆ.

ಇದರಲ್ಲಿ ಒಂದೂ ಬಗ್ ಇಲ್ಲ, ನೋಡಿ. ಎಲ್ಲ ಪ್ರೋಟೋಕಾಲ್ ಹೇಳಿದ ಹಾಗೇ ನಡೆದದ್ದು.

ಸ್ವಿಚ್ಚಕ್ಕ
ಎಆರ್‌ಪಿ ಕತೆಯೂ ಅದೇ. 1982ರಲ್ಲಿ ಬರೆದಿದ್ದು. ‘ಈ ಐಪಿ ನಂದು’ ಅಂತ ಯಾರು ಹೇಳಿದ್ರೂ ನಂಬೋದು ಅದರ ಸ್ವಭಾವ, ದಾಖಲೆ ಕೇಳಲ್ಲ. ಆದ್ರೆ ಈಗಿನ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಇರುತ್ತೆ. ಡಿಎಚ್‌ಸಿಪಿ ಯಾರಿಗೆ ಯಾವ ವಿಳಾಸ ಕೊಟ್ಟಿದೆ ಅನ್ನೋ ಪಟ್ಟಿ ಇಟ್ಕೊಂಡು, ಸುಳ್ಳು ಹೇಳಿದ ಪ್ಯಾಕೆಟ್ ಅಲ್ಲೇ ಬಿಸಾಕುತ್ತೆ. ಆನ್ ಮಾಡಿರಬೇಕು ಅಷ್ಟೆ. ನಾನು ಹದಿನಾಲ್ಕು ವರ್ಷದಲ್ಲಿ ನೋಡಿದ ಆಫೀಸುಗಳಲ್ಲಿ ಆನ್ ಇದ್ದಿದ್ದು ಬೆರಳೆಣಿಕೆ.

ಮಲ್ನಾಡ್_ಮ್ಯಾಕ್
ಎಆರ್‌ಪಿ ಅಂದ ತಕ್ಷಣ ನನ್ನ ಹಾಸ್ಟೆಲ್ ನೆನಪಾಯ್ತು. ಎರಡನೇ ವರ್ಷ. ಯಾವುದೋ ವಿಡಿಯೋ ನೋಡಿ ಗೇಟ್‌ವೇಗೂ ನಮ್ಮ ಫ್ಲೋರಿನ ಎಲ್ಲರಿಗೂ ಎಆರ್‌ಪಿ ಸ್ಪೂಫ್ ಬಿಟ್ಟೆ. ಐಪಿ ಫಾರ್ವರ್ಡಿಂಗ್ ಆನ್ ಮಾಡ್ಬೇಕು ಅನ್ನೋದು ವಿಡಿಯೋದ ಕೊನೇಲಿತ್ತು, ನಾನು ಅಲ್ಲಿವರೆಗೆ ನೋಡಿರ್ಲಿಲ್ಲ. ಎಲ್ಲರ ಪ್ಯಾಕೆಟ್ಟೂ ನನ್ನ ಲ್ಯಾಪ್‌ಟಾಪಿಗೆ ಬಂದು ಅಲ್ಲೇ ಸಾಯ್ತಿದ್ವು. ಇಡೀ ಫ್ಲೋರಿಗೆ ನೆಟ್ ಇಲ್ಲ, ಅವತ್ತೇ ರಿಸಲ್ಟ್ ಬರೋ ದಿನ.

ಫೈನಲ್ ಇಯರ್ ಅಣ್ಣ ಒಬ್ರು ಬಂದು ತಮ್ಮ ಮಷೀನಲ್ಲಿ ಎಆರ್‌ಪಿ ಟೇಬಲ್ ತೆಗೆದ್ರು. ಗೇಟ್‌ವೇ ಐಪಿಗೂ ಇನ್ನೊಂದು ಐಪಿಗೂ ಒಂದೇ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ). ಆಮೇಲೆ ರೂಮ್ ರೂಮಿಗೆ ಹೋಗಿ ಲ್ಯಾಪ್‌ಟಾಪ್ ನೋಡ್ಕೊಂಡು ಬಂದ್ರು. ನನ್ನದು ಏಳನೇ ರೂಮು. ಆರು ರೂಮ್ ಆಗೋವರೆಗೂ ಕೂತಿದ್ದೆನಲ್ಲ, ಆ ಹತ್ತು ನಿಮಿಷ ಮರೆಯಲ್ಲ. ವಾರ್ಡನ್ ಹತ್ರ ಹೋಗ್ಲಿಲ್ಲ ಪುಣ್ಯಕ್ಕೆ.

ನೈಟ್‌ಶಿಫ್ಟ್_ಸಾಕು
ಹಾಸ್ಟೆಲ್ ಅಂತ ಬಚಾವ್. ಆಫೀಸಲ್ಲಾದ್ರೆ ನನ್ನಂಥೋರ ಸ್ಕ್ರೀನ್ ಮೇಲೆ ಕೆಂಪಗೆ ಬರ್ತೀಯ. ನಾನು ಎಸ್‌ಒಸಿ, ಅಂದ್ರೆ ನೆಟ್‌ವರ್ಕ್ ಕಾವಲು ಕಾಯೋ ತಂಡ. ಹೊಸಬರು ಟೂಲ್ ಹಾಕಿದಾಗ ಏನಾಗುತ್ತೆ ಗೊತ್ತಾ? ಒಂದೇ ಐಪಿಯಿಂದ ಹತ್ತು ಸೆಕೆಂಡಲ್ಲಿ ಸಾವಿರ ಪೋರ್ಟಿಗೆ ಸಿನ್ (ಕನೆಕ್ಷನ್ ಶುರು ಮಾಡೋ ಪ್ಯಾಕೆಟ್). ಅದನ್ನ ಹಿಡಿಯೋಕೆ ಬುದ್ಧಿವಂತಿಕೆನೇ ಬೇಡ, ರೂಲ್ ಒಂದೇ ಸಾಲು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಆರು ಗಂಟೆ ಒಳಗೆ ವರದಿ ಮಾಡಬೇಕಾದ ಘಟನೆಗಳ ಪಟ್ಟಿ ಇದೆ, ಮೊದಲನೇದೇ ಮುಖ್ಯ ನೆಟ್‌ವರ್ಕ್‌ಗಳನ್ನ ಗುರಿಯಿಟ್ಟು ಸ್ಕ್ಯಾನ್ ಮಾಡೋದು. ಲಾಗ್‌ಗಳೂ 180 ದಿನ ಇಟ್ಟಿರಬೇಕು. ಅಂದ್ರೆ ಇವತ್ತು ಮಾಡಿದ್ದು ಐದು ತಿಂಗಳಾದ ಮೇಲೂ ಸಿಗುತ್ತೆ.

ಸುಮ್ನೆ_ಓದ್ತೀನಿ
ನನಗೀಗ ಭಯ ಆಯ್ತು 😟 ನಾನು ನಮ್ಮನೆ ಪಬ್ಲಿಕ್ ಐಪಿ ನೋಡ್ಕೊಂಡು, ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಹೊರಗಿಂದ ಸ್ಕ್ಯಾನ್ ಮಾಡಿದ್ದೆ. ನಮ್ಮನೇದೇ ತಾನೆ, ತಪ್ಪಿಲ್ಲ ಅಲ್ವಾ?

ಸ್ವಿಚ್ಚಕ್ಕ
ನಿಮ್ಮನೇದು ಅಂತ ಹೇಗೆ ಗೊತ್ತು? ರೂಟರ್ ಪೇಜಿಗೆ ಹೋಗಿ ವ್ಯಾನ್ ಐಪಿ (ರೂಟರಿನ ಹೊರಗಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ರೆ ನೀವು ಕ್ಯಾರಿಯರ್ ನ್ಯಾಟ್ ಹಿಂದೆ ಇದೀರ. ಅಂದ್ರೆ ನೆಟ್ಟಲ್ಲಿ ಕಾಣೋ ಆ ಪಬ್ಲಿಕ್ ಐಪಿ ನಿಮ್ಮ ಹಾಗೇ ಇನ್ನೆಷ್ಟೋ ಮನೆಗಳಿಗೆ ಸೇರಿದ್ದು, ನೀವು ಸ್ಕ್ಯಾನ್ ಮಾಡಿದ್ದು ಇಂಟರ್ನೆಟ್ ಕೊಡೋ ಕಂಪನಿಯ ಉಪಕರಣನ. ಒಂದು ಸಲಕ್ಕೆ ಯಾರೂ ಮನೆಗೆ ಬರಲ್ಲ, ಹೆದರ್ಬೇಡಿ. ಮತ್ತೆ ಮಾಡ್ಬೇಡಿ.

ಸುಮ್ನೆ_ಓದ್ತೀನಿ
100.71 ಅಂತಿದೆ. ದೇವ್ರೇ.

ಅರ್ಧಂಬರ್ಧ
ಪೋರ್ಟ್ ಸ್ಕ್ಯಾನ್ ಮಾಡಿದ್ರೇನೇ ಐಟಿ ಕಾಯ್ದೆ ಪ್ರಕಾರ ಮೂರು ವರ್ಷ ಜೈಲು. ಹುಷಾರು.

ನೈಟ್‌ಶಿಫ್ಟ್_ಸಾಕು
@ಅರ್ಧಂಬರ್ಧ ಹೆಸರಿಗೆ ತಕ್ಕ ಹಾಗಿದೆ ನಿಮ್ಮ ಕಾನೂನು. ಮಾಲೀಕರ ಅನುಮತಿ ಇಲ್ಲದೆ ಒಳಹೋಗೋದು, ಹಾಳು ಮಾಡೋದು ಇವೆಲ್ಲ 2000ದ ಕಾಯ್ದೆಯ 43ನೇ ಸೆಕ್ಷನ್, ಅದರಲ್ಲಿರೋದು ಪರಿಹಾರ. ಅದೇ ಕೆಲಸನ ಅಪ್ರಾಮಾಣಿಕವಾಗಿ ಇಲ್ಲ ಮೋಸದ ಉದ್ದೇಶದಿಂದ ಮಾಡಿದ್ರೆ 66, ಆಗ ಮೂರು ವರ್ಷದವರೆಗೆ ಜೈಲು ಇಲ್ಲ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಆದ್ರೆ ನಿನ್ನ ಉದ್ದೇಶ ಏನಿತ್ತು ಅಂತ ನೀನು ಹೇಳ್ಬೇಕಾಗಿರೋದು ಸ್ಟೇಷನ್ನಲ್ಲಿ ಕೂತು. ಅದಕ್ಕೇ ಕಾಗದ ಮೊದಲು, ಕಾಲಿ ಆಮೇಲೆ.

ಕಡಲಾಚೆ_ಕನ್ನಡಿಗ
ಕಾಗದ ಇದ್ರೂ ಸಾಲಲ್ಲ, ಅದನ್ನ ಕೊಟ್ಟೋರಿಗೆ ಕೊಡೋ ಅಧಿಕಾರ ಇತ್ತಾ ಅಂತಲೂ ನೋಡ್ಬೇಕು. 2019ರ ಸೆಪ್ಟೆಂಬರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಇಬ್ಬರು ಪೆನ್‌ಟೆಸ್ಟರ್‌ಗಳು ಡಲ್ಲಾಸ್ ಕೌಂಟಿ ಕೋರ್ಟ್ ಕಟ್ಟಡಕ್ಕೆ ಅರ್ಧರಾತ್ರಿ ನುಗ್ಗಿದ್ರು, ಅವರಿಗಿದ್ದ ಕೆಲಸವೇ ಅದು. ಅಲಾರಂ ಹೊಡೀತು, ಪೊಲೀಸ್ ಬಂದ್ರು, ಇವರು ಆರಾಮಾಗಿ ಪತ್ರ ತೋರಿಸಿದ್ರು. ಶೆರಿಫ್ ಬಂದು ‘ಪತ್ರ ರಾಜ್ಯದ್ದು, ಕಟ್ಟಡ ಕೌಂಟಿದು’ ಅಂತ ಇಬ್ಬರನ್ನೂ ಒಳಗೆ ಹಾಕ್ಸಿದ. ಕೇಸ್ ಬಿದ್ದುಹೋಗಿದ್ದು 2020ರ ಜನವರಿಯಲ್ಲಿ.

ನಮ್ಮಲ್ಲೂ ಹಾಗೇ. ಆಫೀಸಿನವ್ರು ಪತ್ರ ಕೊಟ್ಟಿರ್ತಾರೆ, ಸರ್ವರ್ ಇರೋದು ಬೇರೆಯವರ ಡೇಟಾ ಸೆಂಟರಲ್ಲಿ.

ಹುಬ್ಳಿ_ಹಾಪ್
ಅನುಮತಿ ಇದ್ರೂ ಮಾನ ಹೋಗೂದು ತಪ್ಪಂಗಿಲ್ರಿ. ನಂದೊಂದು ಕಥಿ ಕೇಳ್ರಿ. ನಮ್ಮ ಕಡೀನ ಒಂದು ಆಫೀಸು, ಕಾಗದ ಪತ್ರ ಎಲ್ಲಾ ಪಕ್ಕಾ. ಎನ್‌ಮ್ಯಾಪ್ ವರ್ಷನ್ ಸ್ಕ್ಯಾನ್ (ಪೋರ್ಟಿನ್ಯಾಗ ಯಾವ ಸಾಫ್ಟ್‌ವೇರ್ ಐತಿ ಅಂತ ನೋಡೂದು) ಹಚ್ಚಿದ್ದೆ. ಅದು ತಾನಾಗೇ 9100ನೇ ಪೋರ್ಟ್ ಬಿಟ್ಟು ಮುಂದ ಹೋಗತೈತಿ. ನನಗ ಸಿಟ್ಟ ಬಂತು, ‘ಎಲ್ಲಾ ಪೋರ್ಟ್ ನೋಡು’ ಅನ್ನೂ ಆಪ್ಷನ್ ಹಾಕಿ ಮತ್ತ ಓಡಿಸಿದೆ.

ಐದ್ ನಿಮಿಷಕ್ಕ ಅಕೌಂಟ್ಸ್ ಸೆಕ್ಷನ್ನಿನ ಮೇಡಂ ಬಂದ್ರು, ಕೈಯಾಗ ಒಂದು ಕಂತಿ ಹಾಳಿ. ‘ನೋಡ್ರಿ ಇವ್ರ, ನಮ್ಮ ಪ್ರಿಂಟರಿಗೆ ದೆವ್ವ ಹೊಕ್ಕೇತಿ’ ಅಂದ್ರು. ಹಾಳಿ ಮ್ಯಾಲೆ ಒಂದ್ ಸಾಲು, ಎರಡ್ ಸಾಲು ಇಂಗ್ಲಿಷ್, ನಡುವ ಚೌಕ ಚೌಕ ಗುರುತು. ನನ್ನ ಎನ್‌ಮ್ಯಾಪ್ ಕಳಿಸಿದ್ದ ಪ್ರೋಬ್‌ಗಳು! 9100ಕ್ಕ ಏನ್ ಬಂದ್ರೂ ಪ್ರಿಂಟರ್ ಅದನ್ನ ಅಚ್ಚ ಹಾಕತೈತಿ, ಅದಕ್ಕ ಎನ್‌ಮ್ಯಾಪ್ ಮಾಡಿದವ್ರು ಆ ಪೋರ್ಟ್ ಬಿಟ್ಟಿದ್ರು. ಚಾ ಕುಡಿಸಿ, ಒಂದು ರೀಮ್ ಹಾಳಿ ತಂದ್ಕೊಟ್ಟು ಬಂದೆ.

ರೂಟ್‌ರಾಗಿಮುದ್ದೆ
ರಿಪೋರ್ಟಿನ ಹಾರ್ಡ್ ಕಾಪಿ ಮೊದಲೇ ಕೊಟ್ಟಿದೀರಲ್ಲ ಸರ್ 😂

ಹುಬ್ಳಿ_ಹಾಪ್
ಅದ್ರಾಗ ಖರೇನ ಒಂದು ಫೈಂಡಿಂಗ್ ಇತ್ತು ಮತ್ತ. ಆಮ್ಯಾಲೆ ಅದೇ ಪ್ರಿಂಟರಿಗೆ ಯುಡಿಪಿ 161 ನೋಡಿದೆ. ಎಸ್‌ಎನ್‌ಎಂಪಿ (ಉಪಕರಣಗಳ ಮ್ಯಾಲೆ ನಿಗಾ ಇಡೂ ಪ್ರೋಟೋಕಾಲ್) ಕಮ್ಯುನಿಟಿ ಸ್ಟ್ರಿಂಗ್, ಅಂದ್ರ ಅದರ ಪಾಸ್‌ವರ್ಡ್, ‘ಪಬ್ಲಿಕ್’ ಅಂತ ಹಂಗ ಬಿಟ್ಟಾರ. ಯುಡಿಪಿ ನೋಡೂದು ಬ್ಯಾಸರ ಅಂತ ಎಲ್ಲಾರೂ ಬಿಡ್ತಾರ. ಬ್ಯಾಸರ ಬರೂದೂ ಖರೆ. ಲಿನಕ್ಸ್ ಮಷೀನ್ ‘ಇಲ್ಲಿ ಯಾರೂ ಇಲ್ಲ’ ಅನ್ನೂ ಐಸಿಎಂಪಿ ಉತ್ತರಾನ ಸೆಕೆಂಡಿಗೆ ಒಂದರಂಗ ಕೊಟ್ರ, ಎಲ್ಲಾ ಪೋರ್ಟ್ ಮುಗೀಲಿಕ್ಕೆ 18 ತಾಸಿಗಿಂತ ಹೆಚ್ಚು ಬೇಕು. ಅದಕ್ಕ 53, 161, 500 ಹಿಂಗ ಆರಿಸಿ ನೋಡ್ಬೇಕು.

ಸುಮ್ನೆ_ಓದ್ತೀನಿ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ಕಾಲಿಯಲ್ಲಿ ನನ್ನ ಲ್ಯಾಪ್‌ಟಾಪ್ ವೈಫೈ ಕಾಣೋದೇ ಇಲ್ಲ. ಮಾನಿಟರ್ ಮೋಡ್ (ಸುತ್ತಲಿನ ವೈಫೈ ಪ್ಯಾಕೆಟ್ ಎಲ್ಲಾ ಹಿಡಿಯೋದು) ಹೇಗೆ ಹಾಕೋದು?

ಮಲ್ನಾಡ್_ಮ್ಯಾಕ್
ವರ್ಚುವಲ್ ಮಷೀನಿಗೆ ಹೊರಗಿನ ವೈಫೈ ಕೂಡ ವೈರ್ ಹಾಕಿದ ಈಥರ್ನೆಟ್ ಥರಾನೇ ಕಾಣುತ್ತೆ. ಯುಎಸ್‌ಬಿ ಅಡಾಪ್ಟರ್ ಬೇಕು, ಮಾನಿಟರ್ ಮೋಡ್ ಸಪೋರ್ಟ್ ಇರೋ ಚಿಪ್‌ಸೆಟ್ ನೋಡಿ ತಗೊಳ್ಳಿ. ಮೊದಲು ಈ ಹೋಸ್ಟ್-ಓನ್ಲಿ ಮುಗೀಲಿ. ವೈಫೈಗೆ ದುಡ್ಡು ಸುರಿಯೋದು ಆಮೇಲೆ.

ಬೌಂಟಿ_ಬಸ್ಯಾ
ಸರಿ, ನಾನು ಸೋತೆ ಅಂತಲ್ಲ, ಆದ್ರೆ ಕೇಳ್ತೀನಿ. ಸಬ್‌ನೆಟ್ಟಿಂಗ್ ಕ್ಯಾಲ್ಕುಲೇಟರ್ ಇದೆ. ಬಾಯಲ್ಲಿ ಬರಲೇಬೇಕು ಅನ್ನೋ ಹಠ ಯಾಕೆ?

ಸ್ವಿಚ್ಚಕ್ಕ
ಹಠ ಅಲ್ಲ ಬಸ್ಯಪ್ಪ. ಹೋದ ವರ್ಷ ನಮ್ಮಲ್ಲಿಗೆ ಟೆಸ್ಟ್ ಮಾಡೋಕೆ ಒಂದು ಟೀಮ್ ಬಂದಿತ್ತು. ನಮ್ಮ ಕಡೆಯಿಂದ ಕೊಟ್ಟ ಸ್ಕೋಪ್ ಶೀಟಲ್ಲಿ ಯಾರೋ 172.16 ಬದಲು 172.61 ಅಂತ ಟೈಪ್ ಮಾಡಿದ್ರು. ಅಂಕಿ ಹಿಂದುಮುಂದು, ಅಷ್ಟೆ. ಆ ಟೀಮಿನ ಹುಡುಗ ಸ್ಕ್ಯಾನ್ ಒತ್ತೋಕೆ ಬೆರಳಿಟ್ಟಿದ್ದ. ಪಕ್ಕದಲ್ಲಿದ್ದ ಹುಡುಗಿ ಅವನ ಕೈ ಹಿಡಿದ್ಲು. 172ರಲ್ಲಿ ಪ್ರೈವೇಟ್ ಇರೋದು 16ರಿಂದ 31ರವರೆಗೆ ಮಾತ್ರ. 61 ಅಂದ್ರೆ ಇಂಟರ್ನೆಟ್ಟಲ್ಲಿ ಇನ್ಯಾರದ್ದೋ ವಿಳಾಸ. ಕ್ಯಾಲ್ಕುಲೇಟರ್ ಕೇಳಿದ್ರೆ ಅದು 172.61ಕ್ಕೂ ಚೆನ್ನಾಗೇ ಲೆಕ್ಕ ಹಾಕಿ ಕೊಡುತ್ತೆ, ಎಚ್ಚರಿಸಲ್ಲ.

ಬೌಂಟಿ_ಬಸ್ಯಾ
ಹ್ಮ್. ಒಪ್ಪಿದೆ. ಆ ಹುಡುಗಿಗೆ ನಮಸ್ಕಾರ.

ಕುಡ್ಲ_ಶೆಲ್
ಇಂಟರ್‌ವ್ಯೂನಲ್ಲಿ ನಾನು ಕೇಳುವುದು ಇದನ್ನೇ. 192.168.1.70 ಮತ್ತು 192.168.1.130, ಎರಡೂ ಸ್ಲ್ಯಾಶ್ 26. ನೇರ ಮಾತಾಡ್ತಾವಾ?

ಅರ್ಧಂಬರ್ಧ
ಮಾತಾಡ್ತಾವೆ, ಎರಡೂ 192.168.1 ತಾನೆ. ಒಂದರಲ್ಲಿ 64 ಹೋಸ್ಟ್.

ಕುಡ್ಲ_ಶೆಲ್
ಇಲ್ಲ ಮಾರಾಯ್ರೆ. ಸ್ಲ್ಯಾಶ್ 26 ಅಂದ್ರೆ 64ರ ಕಟ್ಟುಗಳು. 70 ಬೀಳುವುದು 64ರಿಂದ 127ರ ಕಟ್ಟಿಗೆ, 130 ಅದರ ಮುಂದಿನದಕ್ಕೆ. ನಡುವೆ ರೂಟರ್ ಬೇಕು. ಹಾಗಾಗಿ 70ರಲ್ಲಿ ಕೂತು 130ಕ್ಕೆ ಎಆರ್‌ಪಿ ಸ್ಪೂಫ್ ಮಾಡ್ಲಿಕ್ಕೂ ಆಗುವುದಿಲ್ಲ. ಹೋಸ್ಟಿಗೆ ಸಿಗುವುದು 62, ಮೊದಲಿನದು ನೆಟ್‌ವರ್ಕಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ.

ಹಾಸನ್_ಹುಡ್ಗ
ಎಲ್ರಿಗೂ ಥ್ಯಾಂಕ್ಸ್, ಸ್ವಿಚ್ಚಕ್ಕ ನಿಮಗೆ ಡಬಲ್! ಹೋಸ್ಟ್-ಓನ್ಲಿ ಹಾಕ್ದೆ. ಕಾಲಿ 192.168.56.101, ಮೆಟಾಸ್ಪ್ಲಾಯ್ಟಬಲ್ 102. ಈ ಸಲ ಪಿಂಗ್ 0.6 ಮಿಲಿಸೆಕೆಂಡ್. ಪೋರ್ಟುಗಳು ಸಾಲಾಗಿ ಬಂದ್ವು! 21, 22, 23, 80, 445...

21ರಲ್ಲಿ ವಿಎಸ್‌ಎಫ್‌ಟಿಪಿಡಿ 2.3.4 ಅನ್ನೋ ಎಫ್‌ಟಿಪಿ (ಫೈಲ್ ಕಳಿಸೋ) ಸರ್ವರ್ ಇದೆ. 2011ರಲ್ಲಿ ಯಾರೋ ಅದರ ಡೌನ್‌ಲೋಡ್ ಫೈಲಿಗೇ ಹಿಂಬಾಗಿಲು ಸೇರಿಸಿದ್ರಂತಲ್ಲ, ಯೂಸರ್‌ನೇಮ್ ಕೊನೇಲಿ ನಗುಮುಖ ಹಾಕಿದ್ರೆ ತೆರೆಯುತ್ತೆ ಅಂತ. ಟೂಲ್ ಬಿಟ್ಟು ಕೈಯಲ್ಲೇ ಮಾಡ್ದೆ. ಯೂಸರ್‌ನೇಮ್ ಹಾಕಿ ಕೊನೇಗೆ :) ಹಾಕ್ದೆ. ಪಾಸ್‌ವರ್ಡ್ ಏನೋ ಒಂದು ಕೊಟ್ಟೆ. ಅಲ್ಲೇ ಹ್ಯಾಂಗ್ ಆಗಿ ನಿಂತಿದೆ, ಶೆಲ್ (ಕಮಾಂಡ್ ಕೊಡೋ ಜಾಗ) ಬರ್ಲಿಲ್ಲ.

ರೂಟ್‌ರಾಗಿಮುದ್ದೆ
ಆ ಕಿಟಕಿ ಮುಚ್ಬೇಡ. ಇನ್ನೊಂದು ಟರ್ಮಿನಲ್ ತೆಗೆದು 6200ನೇ ಪೋರ್ಟಿಗೆ ನೆಟ್‌ಕ್ಯಾಟ್ ಟೂಲಲ್ಲಿ ಕನೆಕ್ಟ್ ಆಗು. ಬೆಲ್ ಹೊಡೆದಿದ್ದು ಮುಂಬಾಗಿಲಲ್ಲಿ, ತೆರೆದಿರೋದು ಹಿತ್ತಿಲಲ್ಲಿ.

ಹಾಸನ್_ಹುಡ್ಗ
ರೂಟ್!!!! ಮಷೀನ್ ಪೂರ್ತಿ ನನ್ನ ಕೈಲಿ! ಅಮ್ಮ ಅಡುಗೆಮನೆಯಿಂದ ಏನಾಯ್ತೋ ಅಂತ ಕೂಗಿದ್ರು 😄

ನೈಟ್‌ಶಿಫ್ಟ್_ಸಾಕು
ಭೇಷ್. ಈಗ ಮೆಟಾಸ್ಪ್ಲಾಯ್ಟ್ (ರೆಡಿಮೇಡ್ ದಾಳಿ ಟೂಲ್) ಮುಟ್ಬೇಡ. ಓಡಾಡೋ ಪ್ಯಾಕೆಟ್ ತೋರಿಸೋ ವೈರ್‌ಶಾರ್ಕ್ ಆನ್ ಮಾಡ್ಕೊಂಡು ಬರೀ 21ನೇ ಪೋರ್ಟಿಗೆ ಒಂದು ಸಿನ್ ಸ್ಕ್ಯಾನ್ ಹಾಕು. ಏನೇನು ಕಂಡ್ತು ಅಂತ ಇಲ್ಲಿ ಬರಿ.

ಹಾಸನ್_ಹುಡ್ಗ
ಹಾಕ್ದೆ. ಶುರುವಲ್ಲಿ ಎಆರ್‌ಪಿ ಎರಡು ಇತ್ತು, ‘102 ಯಾರು, 101ಕ್ಕೆ ಹೇಳಿ’ ಅಂತ, ನೀವೆಲ್ಲ ಹೇಳಿದ್ದು ಹಂಗಂಗೇ! ಆಮೇಲೆ 21ಕ್ಕೆ ಮೂರು ಪ್ಯಾಕೆಟ್. ನಾನು ಸಿನ್ ಕಳಿಸಿದೆ, ಅದು ಸಿನ್-ಆಕ್ ಕೊಟ್ತು, ಮೂರನೇದು ನನ್ನ ಕಡೆಯಿಂದಲೇ ರೀಸೆಟ್. ಇದ್ಯಾಕೆ? ಎನ್‌ಮ್ಯಾಪ್ ಕಳಿಸ್ತಾ?

ಸ್ವಿಚ್ಚಕ್ಕ
ಒಂಚೂರು ಯೋಚನೆ ಮಾಡಿ. ಆ ಸಿನ್ ಕಟ್ಟಿ ಕಳಿಸಿದ್ದು ಯಾರು? ಉತ್ತರ ಬಂದಾಗ ನಿಮ್ಮ ಮಷೀನಲ್ಲಿ ಅದನ್ನ ಮೊದಲು ನೋಡೋರು ಯಾರು?

ಹಾಸನ್_ಹುಡ್ಗ
ಸಿನ್ ಕಟ್ಟಿದ್ದು ಎನ್‌ಮ್ಯಾಪ್, ನೇರವಾಗಿ. ಕರ್ನಲ್‌ಗೆ (ಓಎಸ್‌ನ ತಿರುಳಿಗೆ) ವಿಷಯವೇ ಗೊತ್ತಿಲ್ಲ. ತಾನು ಕರೀದೇ ಇರೋ ನೆಂಟರು ಬಾಗಿಲಿಗೆ ಬಂದ್ರು ಅಂತ ಕರ್ನಲ್ಲೇ ರೀಸೆಟ್ ಕೊಟ್ಟು ಕಳಿಸ್ತು?

ಸ್ವಿಚ್ಚಕ್ಕ
ಅದೇ. ಅದಕ್ಕೇ ಸಿನ್ ಸ್ಕ್ಯಾನಿಗೆ ರೂಟ್‌ನಂಥ ವಿಶೇಷ ಅಧಿಕಾರ ಬೇಕಾಗೋದು, ಪ್ಯಾಕೆಟ್ಟನ್ನ ಕೈಯಲ್ಲಿ ಕಟ್ಟೋಕೆ ಎಲ್ಲರಿಗೂ ಬಿಡಲ್ಲ. ಈಗ ಸುಡೋ (ರೂಟ್ ಅಧಿಕಾರ) ಇಲ್ಲದೆ ಕನೆಕ್ಟ್ ಸ್ಕ್ಯಾನ್ (ಕರ್ನಲ್ ಕೈಲೇ ಪೂರ್ತಿ ಕನೆಕ್ಷನ್ ಮಾಡಿಸೋದು) ಹಾಕಿ ಎಣಿಸಿ.

ಹಾಸನ್_ಹುಡ್ಗ
ನಾಲ್ಕು! ಈ ಸಲ ಮಧ್ಯೆ ಒಂದು ಆಕ್ ಇದೆ. ಎಫ್‌ಟಿಪಿ ಲಾಗಲ್ಲೂ ನನ್ನ ಐಪಿ ಕೂತಿರುತ್ತಾ ಹಾಗಾದ್ರೆ? ತಡೀರಿ, 6200ರ ಶೆಲ್ ಇನ್ನೂ ತೆರೆದಿದೆ, ಅಲ್ಲಿಂದಲೇ ನೋಡ್ತೀನಿ.